ಕೌದಿ ಹೊಲಿಯುವಾಗ ಆದ ಜಗಳ

ನಮ್ಮೂರು ತಂಬೂರಿನ ಖುಷ್ಬೂಗೆ ಮಾತಿನ ಹುಚ್ಚು. ಆಡುವ ಹುಚ್ಚಲ್ಲ, ಅದು ನನಗಿದೆ. ಅವಳದು ಕೇಳುವ ಹುಚ್ಚು. ಧಾರವಾಡದಲ್ಲಿ ಭಾಷಾವಿಜ್ಞಾನದ ಎಂ.ಎ. ಓದುತ್ತಾಳೆ. ಇಂಗ್ಲಿಷಿನಲ್ಲಿ ಕ್ರಿಯಾಪದ ವಾಕ್ಯದ ನಡುವೆಯೇ ನುಗ್ಗಿ ಕೂರುತ್ತದಂತೆ. ಕನ್ನಡದಲ್ಲಿ ಎಲ್ಲರೂ ಬಂದ ಮೇಲೆ ಕೊನೆಗೆ. ಪುಸ್ತಕದ ಉರ್ದುವಿನಲ್ಲಿ 'ಅವನು ಹೇಳಿದ, ನಾನು ಬರುತ್ತೇನೆಂದು' ಎಂಬ ವರಸೆ; ನಮ್ಮೂರ ಉರ್ದು ಮಾತ್ರ ಕನ್ನಡದ ಹಾಗೆ 'ಬರ್ತೀನಿ ಅಂತ ಹೇಳಿದ' ಎನ್ನುತ್ತದೆ. ಇಷ್ಟನ್ನು ತೋರಿಸಲು ಅವಳಿಗೆ ಹಿರಿಯರು ತಮ್ಮ ಮನೆಮಾತನ್ನು ಸಹಜವಾಗಿ ಆಡಿದ ಧ್ವನಿಮುದ್ರಣ ಬೇಕಿತ್ತು. ಅದಿಲ್ಲದಿದ್ದರೆ ಈ ವರ್ಷ ಡಿಗ್ರಿ ಇಲ್ಲ ಎಂದು ಗುರುಗಳು ಹೇಳಿಬಿಟ್ಟಿದ್ದರು.

ತೊಡಕಾದದ್ದು ಅಲ್ಲೇ. ನಮ್ಮೂರಲ್ಲಿ ಎದುರಿಗೆ ಕೂತವರ ಭಾಷೆಯಲ್ಲಿ ಮಾತಾಡುವುದು ಮರ್ಯಾದೆ. ಖುಷ್ಬೂ ಫೋನು ಹಿಡಿದು ಬಂದರೆ ನನ್ನ ಅತ್ತೆ ಹನಮವ್ವ, "ಆವ್ ಬೇಟಿ, ಚಾ ಪೀತೇ ಕ್ಯಾ?" ಎಂದು ಉರ್ದು ಶುರುಮಾಡುತ್ತಿದ್ದರು. ಖುಷ್ಬೂನ ಅಜ್ಜಿ ಬಾಷಾಬಿಗೆ ಫೋನಿನೊಳಗೆ ಗುರುಗಳೇ ಕೂತಿದ್ದಾರೆಂಬ ಭಾವ. "ನಮಸ್ಕಾರ್ರಿ ಸರ, ಆರಾಮದೀರೇನ್ರಿ?" ಎಂದು ಅಚ್ಚ ಕನ್ನಡ. ಖುಷ್ಬೂ ಕಣ್ಣಲ್ಲಿ ನೀರು ಬಂತು. ನನಗೆ ನಗು ಬಂತು, ಸುಳ್ಳೇಕೆ ಹೇಳಲಿ.

ಇಬ್ಬರೂ ನಮ್ಮ ಪಡಸಾಲೆಯಲ್ಲಿ ಕೌದಿ ಹೊಲಿಯುವಾಗ ಫೋನು ಇಟ್ಟುಬಿಡು ಎಂದು ನಾನೇ ಸೂಚಿಸಿದೆ. ಇಬ್ಬರಿಗೂ ತಿಳಿಸಿಯೇ ಇಟ್ಟಳು. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಎದುರುಬದುರು ಕೂತು ಹೊಲಿಯತೊಡಗಿದರು. ಮತ್ತದೇ ಅದಲುಬದಲು: ಅತ್ತೆಯದು ಉರ್ದು, ಬಾಷಾಬಿಯದು ಕನ್ನಡ. ಇದೂ ಕೆಟ್ಟಿತು ಎಂದುಕೊಳ್ಳುವಷ್ಟರಲ್ಲಿ ಅತ್ತೆಯ ಸೂಜಿ ನಿಂತಿತು.

"ಹಸರ ತುಂಡು ನಡುವ ಇಡ್ತೀನಿ ಅಂತ ಹೇಳಿದ್ದಿ, ಅಂಚಿಗೆ ಹಚ್ಚೀಯಲ್ಲಬೇ!"

"ಮೈ ಕಿನಾರೇ ಕೋ ಲಗಾತೂಂ ಬೋಲ್ಕೆಚ್ ಬೋಲೀ!"

ಅಂಚಿಗೆ ಹಚ್ತೀನಿ ಅಂತಲೇ ಹೇಳಿದ್ದೆ, ಎಂದು ಬಾಷಾಬಿಯ ಪ್ರತಿವಾದ. ಸಿಟ್ಟಿನ ಭರದಲ್ಲಿ ಇಬ್ಬರೂ ಮರ್ಯಾದೆ ಮರೆತು ತಂತಮ್ಮ ಮನೆಮಾತಿಗೆ ಮರಳಿದ್ದರು. ಭಾಷೆ ಎರಡಾದರೂ ಜಗಳದ ವಾಕ್ಯಗಳ ಕಟ್ಟು ಒಂದೇ. ಖುಷ್ಬೂಗೆ ಬೇಕಿದ್ದುದೂ ಇದೇ; ಫೋನನ್ನು ಮೆಲ್ಲಗೆ ಅವರತ್ತ ಸರಿಸಿದಳು.

ಜಗಳ ಆರಿದ ಮೇಲೆ ಇಬ್ಬರಿಗೂ ನಾಚಿಕೆ. "ಅದನ್ನ ಅಳಿಸಿ ಹಾಕವಾ," ಎಂದರು ಬಾಷಾಬಿ, ಫೋನಿನ ಕಡೆ ನೋಡುತ್ತ. "ದಿನಾ ಹಿಂಗ ಬಡದಾಡ್ತಾರ ಅಂತ ತಿಳಕೊಂಡಾರು."

ಖುಷ್ಬೂ ಬಾಡಿದ ಮುಖದಲ್ಲಿ ಅಳಿಸಲೆಂದು ಫೋನು ಎತ್ತಿಕೊಂಡಳು.

ಅತ್ತೆ ಅವಳ ಕೈ ಹಿಡಿದರು. "ತಡಿ. ಜಗಳಾ ಕಳಸು. ಆದ್ರ ನಾವು ಒಂದಾಗಿದ್ದೂ ಅದರ ಜೋಡೀನ ಹೋಗಬೇಕು. ಹಚ್ಚು ಅದನ್ನ."

ಬಾಷಾಬಿ ಯೋಚಿಸಿ ತಲೆಯಾಡಿಸಿದರು. ಫೋನು ಮತ್ತೆ ಶುರುವಾಯಿತು. ಅತ್ತೆ ಗೆಳತಿಯ ಕಡೆ ತಿರುಗಿ, ಸಿಟ್ಟು ಬಿಡು, ತುಂಡು ಅಂಚಿಗೇ ಇರಲಿ ಎಂದು ಅವರ ಭಾಷೆಯಲ್ಲೇ ರಮಿಸಿದರು. "ಗುಸ್ಸಾ ನಕ್ಕೋ ಕರ್ ಗೇ. ಕಿನಾರೇ ಕೋಚ್ ರಹಂದೇ."

"ಇಲ್ಲಬೇ ಹನಮವ್ವಾ, ನಿನ್ನ ಮಾತ ಖರೆ. ನಡುವ ಇಡೂಣು."

ಖುಷ್ಬೂನ ಪ್ರಬಂಧ ಪಾಸಾಯಿತು, ಓಣಿಗೆಲ್ಲ ಪೇಢೆ ಹಂಚಿದೆವು. ಕೌದಿ ಮಾತ್ರ ಇನ್ನೂ ಮುಗಿದಿಲ್ಲ. ಹಸಿರು ತುಂಡು ಅಂಚಿಗೇ ಇರಲಿ ಎಂದು ಅತ್ತೆ ಈಗ ಉರ್ದುವಿನಲ್ಲಿ ಹಟ ಹಿಡಿದಿದ್ದಾರೆ, ನಡುವೆಯೇ ಬೇಕೆಂದು ಬಾಷಾಬಿ ಕನ್ನಡದಲ್ಲಿ.