ಮೆಣಸಿನಕಾಯಿ ಚೀಲದ ಪೆಟ್ಟಿಗೆ

ಮರ ನಯ ಮಾಡುವ ರಂದಾ ಮಷಿನ್ನಿನ ಸದ್ದಿಗೆ ನಮ್ಮ ಓಣಿ ಎಂದೋ ಒಗ್ಗಿಕೊಂಡಿತ್ತು. ಒಗ್ಗದೇ ಹೋದದ್ದು ಧೂಳು ಹೀರುವ ಬ್ಲೋವರಿನ ಸದ್ದಿಗೆ. ಹಾವೇರಿ ಜಿಲ್ಲೆಯಾಗಿ ಹತ್ತು ವರ್ಷ ಆಗಿದ್ದಿರಬೇಕು. ಹೊಸ ಮನೆಗಳ ಬಾಗಿಲು, ಕಿಟಕಿ ಮಾಡುವುದರಲ್ಲಿ ನಮ್ಮ ಮನೆಯವರಿಗೆ ಪುರುಸೊತ್ತಿರಲಿಲ್ಲ. ಹಿತ್ತಲಿನ ತಗಡಿನ ಶೆಡ್ಡೇ ಅವರ ವರ್ಕ್‌ಶಾಪ್. ವರ್ಷಗಟ್ಟಲೆ ನುಂಗಿದ ಮರದ ಹೊಟ್ಟು ಎದೆಯಲ್ಲಿ ಕೂತು ಮಾತಿಗೊಮ್ಮೆ ಕೆಮ್ಮು ಬರುತ್ತಿತ್ತು. "ಇನ್ನ ಧೂಳು ಒಳಗ ಹೋದ್ರ ಉಸರಾಡೂದೂ ಕಷ್ಟ ಆಗ್ತದ ನೋಡ್ರಿ" ಎಂದು ಡಾಕ್ಟರು ಅವರನ್ನು ಬಿಟ್ಟು ನನ್ನ ಮುಖ ನೋಡಿ ಹೇಳಿದರು. ರಾಣೆಬೆನ್ನೂರಿನಲ್ಲಿ ಯಾರೋ ಮುಚ್ಚುತ್ತಿದ್ದ ಸಾಮಿಲ್ಲಿನಿಂದ ಹಳೆಯ ಬ್ಲೋವರ್ ತಂದೆವು.

ಧೂಳನ್ನೇನೋ ಅದು ಚೆನ್ನಾಗಿ ಹೀರಿತು. ಆದರೆ ಶುರುವಾಯಿತೆಂದರೆ ಅಡುಗೆಮನೆಯ ತಟ್ಟೆಗಳು ನಡುಗುತ್ತಿದ್ದವು. ಶೆಡ್ಡಿಗೆ ಒಂದು ಮೊಳ ಸಂದು ಬಿಟ್ಟು ಅಕ್ಕೋರ ಮನೆ. ಅವರು ನಿವೃತ್ತ ಶಾಲಾ ಶಿಕ್ಷಕಿ; ಗಂಡನಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ಮೂರನೆಯ ದಿನವೇ ಬಾಗಿಲಿಗೆ ಬಂದರು.

"ಇದನ್ನ ಬಂದ್ ಮಾಡ್ರಿ. ಇಲ್ಲಾಂದ್ರ ಮುನ್ಸಿಪಾಲ್ಟಿಗೆ ಅರ್ಜಿ ಕೊಡ್ತೇನಿ."

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. "ನಿಮಗ ಸಪ್ಪಳದ ಚಿಂತಿ, ನನಗ ಇವರ ಉಸರಿನ ಚಿಂತಿ ರೀ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿಬಿಟ್ಟೆ. ಅವರು ಸರ್ರನೆ ತಿರುಗಿ ಹೋದರು.

ನಮ್ಮ ಮನೆಯವರು ಮೆತ್ತನೆಯ ಮನುಷ್ಯ. ಅಕ್ಕೋರು ಮನೆಯಲ್ಲಿರುವಾಗ ಬ್ಲೋವರ್ ಹಚ್ಚುವುದನ್ನೇ ಬಿಟ್ಟರು. ಅಕ್ಕೋರು ಮನೆ ಬಿಟ್ಟು ಹೋಗುತ್ತಿದ್ದುದಾದರೂ ಯಾವಾಗ? ಇವರು ಬಾಯಿಗೆ ಟವೆಲ್ ಸುತ್ತಿಕೊಂಡು ಮತ್ತೆ ಅದೇ ಧೂಳಿನಲ್ಲಿ ನಿಂತರು. ಅತ್ತ ದರಿ, ಇತ್ತ ಪುಲಿ. ಅವರ ಕೆಮ್ಮು ಕೇಳಿದಾಗಲೆಲ್ಲ ಹಿಟ್ಟು ನಾದುವ ನನ್ನ ಕೈ ನಿಂತುಬಿಡುತ್ತಿತ್ತು. ಹೆದರಿಕೆಯಿಂದ ರೊಟ್ಟಿ ಸುಡುವುದನ್ನೂ ಮರೆಯುತ್ತಿದ್ದೆ.

ಬ್ಲೋವರಿನ ಸುತ್ತ ಪ್ಲೈವುಡ್ ಪೆಟ್ಟಿಗೆ ಮಾಡಿ, ಒಳಗೆ ದಪ್ಪಗೆ ಏನಾದರೂ ಹೊಡೆದರೆ ಸದ್ದು ಇಳಿದೀತೆಂದು ಅವರಿಗೆ ಹೊಳೆಯಿತು. ದಪ್ಪಗೆ ಎಂದರೆ ಗೋಣಿಚೀಲ. ಗೋಣಿಚೀಲ ಎಂದರೆ ನನ್ನ ತವರು ಬ್ಯಾಡಗಿ. ಮೆಣಸಿನಕಾಯಿ ವ್ಯಾಪಾರದ ಅಣ್ಣನ ಬಳಿಯಿಂದ ಒಂದು ಹೊರೆ ಖಾಲಿ ಚೀಲ ತಂದೆ. ಕಲ್ಲಿಗೆ ಬಡಿದೆ, ಎರಡು ದಿನ ಬಿಸಿಲಿಗೆ ಹಾಕಿದೆ, ಒಂದೊಂದನ್ನೂ ಮೂಸಿ ನೋಡಿದೆ. ಏನೇನೂ ವಾಸನೆಯಿಲ್ಲ! ಹುಟ್ಟಿದಾಗಿನಿಂದ ಮೆಣಸಿನಕಾಯಿ ರಾಶಿಯ ಪಕ್ಕ ಮಲಗಿದವಳ ಮೂಗು ಅದು. ಅದನ್ನು ನಂಬಿದ್ದೇ ನನ್ನ ತಪ್ಪು. ನಾಲ್ಕು ಪದರು ಹಾಕಿ ಮೊಳೆ ಹೊಡೆದೆವು. ಗಾಳಿ ಹೊರಹೋಗಲು ಸಂದಿನ ಕಡೆ ಕಿಂಡಿ ಬಿಟ್ಟೆವು.

ಗುಂಡಿ ಒತ್ತಿದರು. ಸದ್ದು ಅರ್ಧಕ್ಕರ್ಧ ಇಳಿಯಿತು. ನಾನು ಸೊಂಟದ ಮೇಲೆ ಕೈಯಿಟ್ಟು ಗೆದ್ದವಳ ಹಾಗೆ ನಿಂತೆ. ಅಷ್ಟರಲ್ಲಿ ಅವರು ಕಣ್ಣು ಮುಚ್ಚಿಕೊಂಡು ಸೀನತೊಡಗಿದರು. ಹಿಂದೆಯೇ ಸಂದಿನಾಚೆಯಿಂದ ಅಕ್ಕೋರು ಚೀರಿದರು. ಕಿಂಡಿ ಇದ್ದದ್ದು ಅವರ ಗಂಡ ಮಲಗುವ ಕೋಣೆಯ ಕಿಟಕಿಗೆ ನೇರ.

ಓಡಿದೆ. ಕೋಣೆಯ ತುಂಬ ಘಾಟು. ಅಕ್ಕೋರು ತಮ್ಮ ಯಜಮಾನರನ್ನು ಎದೆಗೆ ಆನಿಸಿಕೊಂಡಿದ್ದರು. ಕೆಮ್ಮಲು ಶಕ್ತಿಯಿಲ್ಲದೆ ಅವರ ಮುಖ ಕಪ್ಪಿಟ್ಟಿತ್ತು. ಬ್ಲೋವರ್ ಬಂದ್ ಮಾಡಿ ಹಿಂದೆಯೇ ಬಂದ ನಮ್ಮವರೂ ಕೈಜೋಡಿಸಿದರು. ಮೂವರೂ ಮಂಚ ಎಳೆದು ಪಡಸಾಲೆಗೆ ತಂದೆವು. ಒದ್ದೆ ಬಟ್ಟೆಯಿಂದ ಮುಖ ಒರೆಸಿದೆ, ಸೆರಗಿನಿಂದ ಗಾಳಿ ಹಾಕಿದೆ. ಕೊಂದುಬಿಟ್ಟೆನೇ ಎಂದು ಮತ್ತೆ ಮತ್ತೆ ಅವರ ಮೂಗಿನ ಬಳಿ ಬೆರಳಿಟ್ಟು ನೋಡಿದೆ. ಬಹಳ ಹೊತ್ತಿಗೆ ಅವರ ಉಸಿರು ಹದಕ್ಕೆ ಬಂತು.

ಬೈಗುಳಕ್ಕೆ ಕಾದು ತಲೆ ತಗ್ಗಿಸಿ ಕೂತೆ. ಅಕ್ಕೋರು ಮೆಲ್ಲಗೆ ಅಂದರು: "ನನಗ ಸಪ್ಪಳದ್ದು ಏನೂ ತಕರಾರಿಲ್ಲ ತಂಗಿ. ಜನ್ಮವೆಲ್ಲಾ ಹುಡುಗೂರ ಗದ್ದಲದಾಗ ಕಳದೇನಿ. ಇವರಿಗೆ ಮಾತು ಹೋಗೇತಿ. ಏನರ ಬೇಕಾದ್ರ ‘ಹ್ಞಂ’ ಅಂತಾರ, ಅಷ್ಟ. ನಿಮ್ಮ ಈ ಬ್ಲೋವರ್ ಮಷಿನ್ ಹಚ್ಚಿದ್ರ ಅದು ಅಡಗಿಮನಿಗೆ ಕೇಳಂಗಿಲ್ಲ."

"ಮೊದಲ ಹೇಳಬಾರದೇನ್ರಿ ಅಕ್ಕೋರ?"

"ಕೇಳಾಕ ನೀ ಎಲ್ಲಿ ಬಿಟ್ಟಿ?"

ನಾಚಿಕೆಯಿಂದ ಹಿಡಿಯಷ್ಟಾದೆ.

ಚೀಲಗಳನ್ನು ಊರಾಚೆ ಹೂಳಿಸಿದೆವು. ಸುಟ್ಟಿದ್ದರೆ ಇಡೀ ಓಣಿಯೇ ಗುಳೆ ಹೋಗಬೇಕಿತ್ತು. ಈ ಸಲ ಪೆಟ್ಟಿಗೆಗೆ ಎರಡು ಗೋಡೆ, ನಡುವೆ ಮರಳು. ಒಳಗಡೆಗೆ ನನ್ನ ಮದುವೆಯ ಗಾದಿ ಬಿಚ್ಚಿ ಅರಳೆ ಕೊಟ್ಟೆ. ಬ್ಲೋವರಿನ ಕಾಲುಗಳ ಕೆಳಗೆ ನಮ್ಮವರು ಟೈರಿನ ತುಂಡು ಇಟ್ಟರು. ನಡುಕ ಗೋಡೆಗೆ ಹೋಗದಂತೆ ತಗಡಿನ ಪೈಪನ್ನು ಕತ್ತರಿಸಿ ನಡುವೆ ದಪ್ಪ ಬಟ್ಟೆಯ ತೋಳು ಕಟ್ಟಿದರು. ಕಿಂಡಿಯನ್ನು ನಮ್ಮ ಅಂಗಳದ ಕಡೆಗೆ ತಿರುಗಿಸಿದರು.

ಪರೀಕ್ಷೆ ನಡೆದದ್ದು ಅಕ್ಕೋರ ಅಡುಗೆಮನೆಯಲ್ಲಿ. ನಾವಿಬ್ಬರೂ ಒಲೆಯ ಪಕ್ಕ ನಿಂತೆವು. ಅತ್ತ ನಮ್ಮವರು ಗುಂಡಿ ಒತ್ತಿದರು. ಗೋಡೆಯಾಚೆ ದೂರದ ಹಿಟ್ಟಿನ ಗಿರಣಿಯಷ್ಟು ಗುಂಯ್ ಎಂದಿತು. ಆದರೆ ಆ ‘ಹ್ಞಂ’ ಕೇಳೀತೆ? ಕೂಗಿರೆಂದು ಯಜಮಾನರಿಗೆ ಹೇಳುವಂತಿರಲಿಲ್ಲ. ಬೇಕೆನಿಸಿದಾಗಷ್ಟೇ ಅವರು ಕರೆಯುವವರು. ಕಾದೆವು. ಕೇಳದಿದ್ದರೆ ಬ್ಲೋವರನ್ನು ಮಾರಿಬಿಡಬೇಕೆಂದು ನಾನೇ ಮಾತು ಕೊಟ್ಟಿದ್ದೆ. ಮಾರಿದ ಮೇಲೆ ನಮ್ಮವರ ಎದೆಯ ಗತಿ ಏನು? ಅಕ್ಕೋರು ಕೋಣೆಯ ಕಡೆ ಕಿವಿ ಕೊಟ್ಟಿದ್ದರು.

"ಹ್ಞಂ."

ಇಬ್ಬರಿಗೂ ಕೇಳಿತು.

"ಬಂದ್ನಿ ರೀ!" ಎಂದು ಅಕ್ಕೋರು ಒಳಗೆ ಓಡಿದರು. ನಾನು ಒಲೆಯ ಕಟ್ಟೆ ಹಿಡಿದುಕೊಂಡು ಅತ್ತುಬಿಟ್ಟೆ. ಮಷಿನ್ ಬಂದ್ ಮಾಡಲು ಹೇಳಬೇಕೋ ಬೇಡವೋ ತಿಳಿಯದೆ ನಿಂತಿದ್ದಾಗ ಕೋಣೆಯಿಂದ ಅಕ್ಕೋರ ದನಿ ಬಂತು.

"ಇವರಿಗೆ ನೀರು ಬೇಕಂತ, ಒಂದ್ ತಂಬಿಗಿ ತಗೊಂಡ ಬಾ ತಂಗಿ. ಮಷಿನ್ ನಡೀಲಿ ಬಿಡು."