ರೊಟ್ಟಿ ಮುರಿಯುವ ಕಾರು

ಸುಣ್ಣದ ಗುರುತು ರೂಪಾಯಿ ನಾಣ್ಯದಷ್ಟು ದುಂಡಗಿತ್ತು. ಒಂದು ಅಂಚಿನಲ್ಲಿ ಮಾತ್ರ ಯಾರೋ ಬೆರಳಿನಿಂದ ಎಳೆದಂತೆ ತುಸು ಹರಡಿತ್ತು. ಅದು ಇರಬೇಕಾದದ್ದು ಮೇಲಿನ ರಬ್ಬರಿನ ಮೇಲೆ. ಇದ್ದದ್ದು ಅದರ ಕೆಳಗಿನ ಕಬ್ಬಿಣದ ಮೇಲೆ. ನಾನು ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು, ಅಣ್ಣನ ಕಾರಿನ ಹಿಂದಿನ ಗಾಲಿಯ ಪಕ್ಕ ತಲೆ ತೂರಿಸಿ, ಮೊಬೈಲಿನ ಬೆಳಕಿನಲ್ಲಿ ಅದನ್ನೇ ನೋಡುತ್ತಿದ್ದೆ.

"ಏನರ ಕಂಡ್ತು?" ಎಂದು ಅಣ್ಣ ಹೊರಗಿನಿಂದ ಕೇಳಿದ.

"ನೀನ ಬಂದು ನೋಡು," ಎಂದೆ.

ಆ ಕಾರನ್ನು ಅಪ್ಪ ಸೆಕೆಂಡ್ ಹ್ಯಾಂಡ್ ಕೊಂಡಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಅಪ್ಪನಿಗೆ ಓಡಿಸಲು ಬೇಸರವಾಗಿ ಅದು ಅಣ್ಣನ ಪಾಲಾಯಿತು. ಅಣ್ಣ ಮೊದಲು ಮಾಡಿದ ಕೆಲಸವೆಂದರೆ ಹಾನಗಲ್ಲಿನಿಂದ ಸವಣೂರಿಗೆ ಹೋಗಿ, ತನಗೆ ಬೇಕಾದ ಮಿಸ್ತ್ರಿಯೊಬ್ಬರ ಗ್ಯಾರೇಜಿನಲ್ಲಿ ನಾಲ್ಕೂ ಗಾಲಿಗಳ ಸ್ಪ್ರಿಂಗುಗಳ ಸುರುಳಿ ಕತ್ತರಿಸಿ ಕಾರನ್ನು ತಗ್ಗಿಸಿದ್ದು. ಅದು ಹೊಟ್ಟೆ ನೆಲಕ್ಕೆ ತಾಗುವಂತೆ ಮನೆಗೆ ಬಂದಾಗ ಅಜ್ಜಿ ಕಟ್ಟೆಯ ಮೇಲಿಂದಲೇ, "ಇದರ ಕಾಲ ಯಾರು ಮುರದಾರೋ?" ಎಂದಳು. ಅಣ್ಣ ಮಾತ್ರ ರಸ್ತೆಯ ಆಚೆ ಬದಿಗೆ ಹೋಗಿ ನಿಂತು, ಕೈಕಟ್ಟಿ, ತುಂಬ ಹೊತ್ತು ನೋಡಿದ. ಅಷ್ಟು ಪ್ರೀತಿಯಿಂದ ಅವನು ಇನ್ನಾವುದನ್ನೂ ನೋಡಿದ್ದು ನನಗೆ ನೆನಪಿಲ್ಲ.

ಅಕ್ಕನ ಮದುವೆಯಲ್ಲಿ ಆ ಕಾರಿನ ಮಾತು ಬಂದಿತ್ತು. ಹಿರೇಕೆರೂರಿನ ಬೀಗರು ಸಿಂಗರಿಸಿ ತಂದಿದ್ದ ಗಾಡಿಯಲ್ಲಿ ಅಕ್ಕ ಅಳುತ್ತ ಕುಳಿತಿದ್ದಳು. ಅಣ್ಣ ಕಿಟಕಿಗೆ ಬಗ್ಗಿ, "ಮೊದಲನೇ ಬಾಣಂತನಕ್ಕ ನಾನ ಬಂದು ಕರಕೊಂಡು ಬರ್ತೇನಿ, ನನ್ನ ಗಾಡ್ಯಾಗ. ಸುಮ್ನಿರು," ಎಂದಿದ್ದ. ಅಕ್ಕ ಅಳುವುದು ಬಿಟ್ಟು ನಕ್ಕಳು. ಇಂಥ ಮಾತುಗಳನ್ನು ಹೇಳಿದವರು ಮರೆಯುತ್ತಾರೆ. ಅಣ್ಣ ಮರೆಯಲಿಲ್ಲ.

ಅಕ್ಕನಿಗೆ ದಿನ ತುಂಬತೊಡಗಿದಾಗ ಅವನು ಆ ಮಾತನ್ನು ನಡೆಸುವ ಹೊತ್ತು ಬಂತು. ನಮ್ಮ ಕಡೆ ಮೊದಲು ಕಳ್ಳ ಕುಬಸ ಮಾಡುತ್ತೇವೆ. ತವರಿನವರು ಹೆಚ್ಚು ಸದ್ದಿಲ್ಲದೆ ಬುತ್ತಿ ಕಟ್ಟಿಕೊಂಡು ಹೋಗಿ, ಬಸುರಿಗೆ ಹಸಿರು ಬಳೆ ಇಡಿಸಿ, ಉಣ್ಣಿಸಿ ಬರುವ ಶಾಸ್ತ್ರ. ಕೆಲವು ತಿಂಗಳ ಮೇಲೆ ದೊಡ್ಡ ಕುಬಸ. ಅದು ಮುಗಿದ ಮೇಲೆ ಮಗಳನ್ನು ತವರಿಗೆ ಕರೆತರುತ್ತೇವೆ. ಬುತ್ತಿಯಲ್ಲಿ ಶೇಂಗಾ ಹೋಳಿಗೆ, ಕರಿಗಡಬು, ಬಗೆಬಗೆಯ ಚಟ್ನಿಪುಡಿ ಇರುತ್ತವೆ. ಆದರೆ ಬುತ್ತಿಯ ಮರ್ಯಾದೆ ಇರುವುದು ಖಡಕ್ ರೊಟ್ಟಿಯಲ್ಲಿ. ಕಾಗದದಷ್ಟು ತೆಳ್ಳಗೆ ಬಡಿದು, ಹಂಚಿನ ಪಕ್ಕ ಒಣಗಿಸಿ, ಒಂದರ ಮೇಲೊಂದು ಪೇರಿಸಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ ಬೀಗರ ಮನೆಯಲ್ಲಿ ಬಿಚ್ಚಿದಾಗಲೂ ಇಡಿಯಾಗಿಯೇ ಇರಬೇಕು.

ಕಳ್ಳ ಕುಬಸದ ದಿನ ಅಕ್ಕನ ಅತ್ತೆ ಆ ಗಂಟು ಬಿಚ್ಚಿದರು. ಮೇಲಿನ ಒಂದೆರಡು ಬಿಟ್ಟರೆ ಉಳಿದದ್ದೆಲ್ಲ ಚೂರು. ಅವರು ಒಂದು ಹಿಡಿ ಎತ್ತಿ ಬೆರಳ ಸಂದಿಯಿಂದ ಉದುರಿಸಿ ನೋಡಿದರು.

"ಬೀಗ್ರು ರೊಟ್ಟಿ ತಂದಾರೊ, ನುಚ್ಚು ತಂದಾರೊ?"

ಎಲ್ಲರೂ ನಕ್ಕರು. ಅವ್ವ ಕೂಡ ನಕ್ಕಳು, ಆದರೆ ಸೆರಗು ಸರಿಮಾಡಿಕೊಂಡ ರೀತಿಯಲ್ಲಿ ನನಗೆ ಅವಳ ಮುಖಭಂಗ ಗೊತ್ತಾಯಿತು. ಹೊರಡುವಾಗ ಅಕ್ಕನ ಅತ್ತೆ ಬಾಗಿಲವರೆಗೆ ಬಂದು ಕಾರನ್ನು ಒಮ್ಮೆ ನೋಡಿ, ಅಣ್ಣನಿಗೆ ಮೆತ್ತಗೆ ಹೇಳಿದರು: "ತಮ್ಮಾ, ಸಿಟ್ಟಿಗೇಳಬ್ಯಾಡ. ದೊಡ್ಡ ಕುಬಸಕ್ಕ ಬರೂಮುಂದ ಬಾಡಿಗಿ ಗಾಡಿ ತಗೊಂಬಾ. ಡಾಕ್ಟರು ಕುಲುಕಾಡಬಾರದು ಅಂದಾರ. ರೊಟ್ಟೀನ ತಾಳಲಾರದ ಗಾಡ್ಯಾಗ ನನ್ನ ಸೊಸೀನ ಹೆಂಗ ಕುಂದ್ರಸಲಿ?"

ಅದರಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಅಣ್ಣ, "ಆತ್ರೀ ಅತ್ತಿ," ಎಂದು ನಕ್ಕ. ಆಮೇಲೆ ಅಕ್ಕಿಆಲೂರು ದಾಟುವವರೆಗೆ ಪ್ರತಿ ತಗ್ಗಿಗೂ ಕಾರನ್ನು ನಿಲ್ಲಿಸಿದಂತೆ ಮಾಡಿ ಇಳಿಸುತ್ತಿದ್ದ, ಹಿಂದಿನ ಸೀಟಿನಲ್ಲಿ ಆಗಲೇ ಅಕ್ಕ ಕುಳಿತಿದ್ದಾಳೇನೋ ಎಂಬಂತೆ. ಆದರೂ ಕಾರು ಧಡ್ ಎನ್ನುತ್ತಿತ್ತು.

ಮರುವಾರವೇ ಅವನು ಸವಣೂರಿನ ಅದೇ ಮಿಸ್ತ್ರಿಯ ಬಳಿ ಹೋಗಿ ನಾಲ್ಕೂ ಶಾಕ್ ಅಬ್ಸಾರ್ಬರ್ ಹೊಸದು ಹಾಕಿಸಿಕೊಂಡು ಬಂದ. ಅವ್ವ ಪರೀಕ್ಷೆಗೆಂದು ಒಂದು ಗಂಟು ರೊಟ್ಟಿ ಮಾಡಿಕೊಟ್ಟಳು. ಅದನ್ನು ಡಿಕ್ಕಿಯಲ್ಲಿಟ್ಟುಕೊಂಡು ಒಂದು ಸುತ್ತು ಹೋಗಿ ಬಂದೆವು. ಎಲ್ಲ ಚೂರು. ರಾತ್ರಿ ಊಟಕ್ಕೆ ಅದನ್ನೇ ಮಜ್ಜಿಗೆಯಲ್ಲಿ ನೆನೆಸಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ತಿಂದೆವು. ಮುಂದೆ ಎಷ್ಟೋ ರಾತ್ರಿ ನಮ್ಮ ಊಟ ಅದೇ ಆಯಿತು.

ಆಗ ಅಪ್ಪ ಒಂದು ಉಪಾಯ ಹೇಳಿದರು. ಅವರ ಆಯುಷ್ಯವೆಲ್ಲ ಭತ್ತ, ಚೀಲ, ಎತ್ತಿನ ಚಕ್ಕಡಿಯಲ್ಲೇ ಕಳೆದಿದೆ.

"ಖಾಲಿ ಚಕ್ಕಡ್ಯಾಗ ಹೊಲಕ್ಕ ಹೋಗಿ ನೋಡು, ಒಂದೊಂದು ಎಲುಬು ಬ್ಯಾರೆ ಬ್ಯಾರೆ ಆಗತಾವು. ಬರೂಮುಂದ ಅದ ದಾರ್ಯಾಗ ಭತ್ತ ಹೇರಕೊಂಡು ಬಾ, ತೂಕಡಿಕಿ ಬರತಾವ. ನಿನ್ನ ಕಾರು ಹಗೂರ ಆಗೇತಿ. ಡಿಕ್ಕ್ಯಾಗ ಎರಡು ಚೀಲ ಒಗದು ನೋಡು."

ಅಣ್ಣನಿಗೆ ಇದು ಪಟ್ಟನೆ ಒಪ್ಪಿಗೆಯಾಯಿತು. ಮಿಸ್ತ್ರಿಗೆ ಫೋನ್ ಮಾಡಿದ. ಅವರೂ, "ಹಾಂ, ಹಾಕಿ ನೋಡ್ರಿ, ಕುಂತು ಹೋಗಬಹುದು," ಎಂದರು. ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿದವಳು. ಎಲ್ಲರೂ ನನ್ನ ಕಡೆ ನೋಡಿದಾಗ ನಾನೂ ಯೋಚಿಸಿ, ಭಾರ ಹೆಚ್ಚಾದರೆ ಅದೇ ಹೊಡೆತಕ್ಕೆ ಕಡಿಮೆ ನೆಗೆಯುತ್ತದೆ, ಸರಿ ಎಂದೆ. ಕಾಗದದ ಮೇಲೆ ಅದು ಸರಿಯೇ.

ಎರಡು ಚೀಲ ಅಕ್ಕಿ ಹೇರಿಕೊಂಡು ಬಂಕಾಪುರದ ದಾರಿಯಲ್ಲಿ ಶಿಗ್ಗಾವಿಗೆ ಹೊರಟೆವು. ಅವ್ವ ಹಿಂದಿನ ಸೀಟಿನಲ್ಲಿ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಮೊದಲ ಸ್ಪೀಡ್ ಬ್ರೇಕರಿನಲ್ಲೇ ಅವಳ ತಲೆ ಮೇಲಿನ ಛಾವಣಿಗೆ ತಾಗಿತು.

"ಚೀಲ ಮೆತ್ತಗ ಕುಂತಾವ ಬಿಡು," ಎಂದಳು ಅವ್ವ. "ನಾನ ಹಾರಾಕತ್ತೇನಿ."

ಆ ಹೊಡೆತವನ್ನು ನಾನು ಅಂದು ಸರಿಯಾಗಿ ಕೇಳಿಸಿಕೊಂಡೆ. ಅದು ಸ್ಪ್ರಿಂಗು ಕುಗ್ಗಿ ಹಿಗ್ಗುವ ಸದ್ದಾಗಿರಲಿಲ್ಲ, ಬಾಗಿಲು ಚೌಕಟ್ಟಿಗೆ ಬಡಿದಂತೆ ಇತ್ತು. ಅಂದರೆ ಏನೋ ಏನಕ್ಕೋ ತಾಗುತ್ತಿತ್ತು. ಹಿಂದಿನ ಗಾಲಿಗಳ ಮೇಲೆ, ಕಾರಿನ ಮೈಗೆ ಅಂಟಿಕೊಂಡು ಎರಡು ಗಟ್ಟಿ ರಬ್ಬರಿನ ತುಂಡುಗಳಿರುತ್ತವೆ. ಸ್ಪ್ರಿಂಗಿನ ಕೈಲಾಗದಷ್ಟು ದೊಡ್ಡ ಹೊಡೆತ ಬಿದ್ದಾಗ ಕಬ್ಬಿಣ ಕಬ್ಬಿಣಕ್ಕೆ ತಾಗದಿರಲಿ ಎಂದು ಇಟ್ಟಿರುವುದು ಅವು. ಎಂದಾದರೊಮ್ಮೆ ಉಪಯೋಗಕ್ಕೆ ಬರಬೇಕಾದದ್ದು. ಅದು ಎಷ್ಟು ಸಲ ತಾಗುತ್ತಿದೆ ಎಂದು ಕಣ್ಣಿಗೆ ಕಾಣಬೇಕಿತ್ತು.

ಅಜ್ಜಿಯ ಎಲೆಡಬ್ಬಿಯಿಂದ ಸುಣ್ಣ ಕೇಳಿದೆ.

"ಎಲಿಗಿ ಹಚ್ಚೂ ಸುಣ್ಣ ನಿನಗ್ಯಾಕ?"

"ಕಾರಿಗಿ."

"ಅದೂ ಎಲಿ ತಿನ್ನಾಕ ಕಲತೈತೇನ?" ಎಂದರೂ ಡಬ್ಬಿ ಕೊಟ್ಟಳು. ಬೇಗ ಒಣಗದಿರಲೆಂದು ಸುಣ್ಣಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಕಲಸಿ, ಎರಡೂ ರಬ್ಬರಿನ ತುದಿಗೆ ಹಚ್ಚಿದೆ. ಅಣ್ಣ ಚೀಲ ಇಳಿಸಿ, ಓಣಿಯ ತುದಿಯವರೆಗೆ ನಿಧಾನಕ್ಕೆ ಹೋಗಿ ಬಂದ. ಅಷ್ಟೇ. ಕೆಳಗಿನ ಕಬ್ಬಿಣದ ಮೇಲೆ ಆ ದುಂಡನೆಯ ಗುರುತು ಬಿದ್ದಿತ್ತು.

ಅಣ್ಣ ಗೋಣಿಚೀಲದ ಮೇಲೆ ನನ್ನ ಪಕ್ಕ ಮಲಗಿ ನೋಡಿದ. ರಬ್ಬರಿಗೂ ಕಬ್ಬಿಣಕ್ಕೂ ನಡುವೆ ಎರಡು ಬೆರಳು ಹೋಗುವಷ್ಟೂ ಜಾಗ ಇರಲಿಲ್ಲ. ಸ್ಪ್ರಿಂಗ್ ಕತ್ತರಿಸಿದಾಗ ಆ ಜಾಗ ಹೋಗಿತ್ತು. ಉಳಿದಿದ್ದ ಚೂರನ್ನು ಅಕ್ಕಿಯ ಚೀಲ ತಿಂದಿತ್ತು.

"ಅಂದ್ರ ಇಷ್ಟು ವರ್ಷ ನಾವು ಸ್ಪ್ರಿಂಗಿನ ಮ್ಯಾಲ ಅಲ್ಲ, ಈ ರಬ್ಬರಿನ ಮ್ಯಾಲ ಕುಂತು ತಿರಗ್ಯಾಡೇವಿ?"

"ಹೂಂ."

ಅಪ್ಪ ಕಟ್ಟೆಯ ಮೇಲೆ ಕುಳಿತು ಎಲ್ಲ ಕೇಳುತ್ತಿದ್ದರು. "ಚಕ್ಕಡಿಗೆ ಸ್ಪ್ರಿಂಗ ಇರೂದಿಲ್ಲಲೇ, ಅದ ಮರತಿದ್ನಿ," ಎಂದು ತಾವೇ ದೊಡ್ಡದಾಗಿ ನಕ್ಕರು.

ಅಣ್ಣ ನಗಲಿಲ್ಲ. ಎದ್ದು ಮೈಮೇಲಿನ ಮಣ್ಣು ಕೊಡವಿ, ರಸ್ತೆಯ ಆಚೆ ಬದಿಗೆ ಹೋಗಿ ನಿಂತ, ಹಿಂದೆ ನಿಂತಿದ್ದಂತೆಯೇ ಕೈಕಟ್ಟಿ. "ಎತ್ತರ ಮಾಡಿದ್ರ ಇದು ಎಲ್ಲಾರ ಕಾರಿನಂಗ ಆಗತೈತಿ," ಎಂದ. ಸಮಾಧಾನದ ಮಾತು ನನಗೆ ಬರುವುದಿಲ್ಲ, ಅವನಿಗೂ ಅದು ಗೊತ್ತು. ಸ್ವಲ್ಪ ಹೊತ್ತಿಗೆ ಅವನೇ, "ಆಗಲಿ ಬಿಡು," ಎಂದು ಒಳಗೆ ಹೋದ.

ಆ ಮಾದರಿಯ ಕಾರು ಈಗ ತಯಾರಾಗುವುದಿಲ್ಲ. ಕಂಪನಿಯ ಅಳತೆಯ ಸ್ಪ್ರಿಂಗುಗಳು ಶಿಗ್ಗಾವಿಯ ಗುಜರಿಯೊಂದರಲ್ಲಿ, ಮುಂದಿನ ಭಾಗ ನುಜ್ಜುಗುಜ್ಜಾದ ಅದೇ ಬಣ್ಣದ ಕಾರಿನಲ್ಲಿ ಸಿಕ್ಕವು. ನಾನು ಟೇಪು ಹಿಡಿದು ಎಡಬಲ ಒಂದೇ ಎತ್ತರ ಇವೆಯೇ ಎಂದು ಅಳೆದು ನೋಡಿ ಹೂಂ ಅಂದ ಮೇಲೆಯೇ ಅಣ್ಣ ಅವನ್ನು ಗೋಣಿಚೀಲದಲ್ಲಿ ಸುತ್ತಿದ. ಸವಣೂರಿಗೆ ಹೊರಟಾಗ ಅಜ್ಜಿಯೂ ಅವ್ವನೂ ಹತ್ತಿದರು. ಸವಣೂರಿನ ಎಲೆ ಬೇಕೆಂಬುದು ಅಜ್ಜಿಯ ನೆಪ.

ಮಿಸ್ತ್ರಿ ಸ್ಪ್ರಿಂಗಿನ ಗಂಟು ಬಿಚ್ಚಿ ನೋಡಿ ಅಣ್ಣನನ್ನು ಛೇಡಿಸದೆ ಬಿಡಲಿಲ್ಲ. "ಆವತ್ತು ಇಳಸ್ರಿ ಇಳಸ್ರಿ ಅಂತ ನನ್ನ ತಲಿ ತಿಂದ್ರಿ. ಇವತ್ತು ಏರಸ್ರಿ ಅಂತೀರಿ. ಬರೂ ವರ್ಷ ರೆಕ್ಕಿ ಹಚ್ಚರಿ ಅನಬ್ಯಾಡ್ರಿ ಮತ್ತ."

"ನೀವರ ಆವತ್ತು ಬ್ಯಾಡ ಅನಬೇಕಿತ್ತಲ?"

"ಅಂದಿದ್ನಿ. ನಿಮ್ಮ ಗಾಡ್ಯಾಗಿನ ಹಾಡಿನ ಸದ್ದಿನಾಗ ನಿಮಗ ಕೇಳಿಲ್ಲ."

ಸ್ಪ್ರಿಂಗು ಕೂರಿಸಿ ಕಾರನ್ನು ಜಾಕಿನಿಂದ ಇಳಿಸಿದ ಮೇಲೂ ಅವರು ಕೆಳಗಿನ ಬೋಲ್ಟುಗಳನ್ನು ಬಿಗಿದಿರಲಿಲ್ಲ. ಕಾರು ಜಾಕಿನ ಮೇಲೆ ತೂಗುತ್ತಿರುವಾಗ ಬಿಗಿದರೆ ಕೀಲಿನ ರಬ್ಬರು ತಿರುಚಿಕೊಂಡೇ ಉಳಿಯುತ್ತದೆ, ದಾರಿಯುದ್ದಕ್ಕೂ ಸೆಟೆದುಕೊಂಡೇ ಇರುತ್ತದೆ. ಕಾರು ಮಂದಿಯನ್ನು ಹೊತ್ತು ನೆಲದ ಮೇಲೆ ನಿಂತಾಗಲೇ ಬಿಗಿಯಬೇಕು ಎಂದರು. ಹಾಗಾಗಿ ನಮ್ಮನ್ನೆಲ್ಲ ಒಳಗೆ ಕೂರಿಸಿದರು. ಅಣ್ಣ ಸ್ಟೇರಿಂಗ್ ಹಿಡಿದು, ನಾನು ಪಕ್ಕದಲ್ಲಿ, ಅವ್ವ ಹಿಂದೆ, ಅಕ್ಕ ಕೂರಬೇಕಾದ ಎಡಗಡೆಯ ಜಾಗದಲ್ಲಿ ಅಜ್ಜಿ.

"ಎಲ್ಲಿಗಿ ಹೊಂಟೇವಿ?" ಎಂದಳು ಅಜ್ಜಿ.

"ಎಲ್ಲಿಗೂ ಇಲ್ಲ. ಸುಮ್ಮ ಕುಂದ್ರೂದು."

"ಅಷ್ಟಕ್ಕ ಕಾರ ಯಾಕ ಬೇಕಿತ್ತೋ, ಕಟ್ಟಿ ಇರಲಿಲ್ಲೇನ?"

ನೆಲದಡಿಯಿಂದ ಮಿಸ್ತ್ರಿಯ ದನಿ ಬಂತು: "ಅಮ್ಮಾ, ನಗಬ್ಯಾಡ್ರಿ, ಕಾರು ಅಳ್ಳಾಡತೈತಿ." ಅದಕ್ಕೆ ಅವಳು ಇನ್ನಷ್ಟು ನಕ್ಕಳು.

ಮರುದಿನ ಹಾನಗಲ್ಲಿನ ಮಾರ್ಕೆಟ್ಟಿನಲ್ಲಿ ಅಣ್ಣನ ಗೆಳೆಯರು ಕಾರನ್ನು ಸುತ್ತುವರಿದು, "ಏನ ಸಾವಕಾರ್ರ, ಟ್ರ್ಯಾಕ್ಟರ್ ತಗೊಂಡ್ರಿ?" ಎಂದರಂತೆ. ಅಣ್ಣ ಊಟಕ್ಕೆ ಕುಳಿತಾಗ ತಾನಾಗಿಯೇ ಹೇಳಿದ. ಹೇಳಿ, ಮತ್ತೆ ಎರಡು ರೊಟ್ಟಿ ಹಾಕಿಸಿಕೊಂಡ. ಇಡಿಯ ರೊಟ್ಟಿ.

ದೊಡ್ಡ ಕುಬಸದ ದಿನ ಬೆಳಿಗ್ಗೆ, ಎಲ್ಲರೂ ಸೀರೆ ಉಡುವ ಗಡಿಬಿಡಿಯಲ್ಲಿದ್ದಾಗ ನಾನು ಮತ್ತೊಮ್ಮೆ ಸುಣ್ಣ ಹಚ್ಚಿದೆ. ಯಾರಿಗೂ ಹೇಳಲಿಲ್ಲ.

ಹಿರೇಕೆರೂರಿನಲ್ಲಿ ಅಕ್ಕನ ಅತ್ತೆ ಪಡಸಾಲೆಯಲ್ಲಿ ಕುಳಿತು ಗಂಟನ್ನು ತಮ್ಮ ಕೈಯಿಂದಲೇ ಬಿಚ್ಚಿದರು. ಅಣ್ಣ ಬಾಗಿಲ ಬಳಿ ನಿಂತಿದ್ದ, ಚಪ್ಪಲಿ ಬಿಡುವುದನ್ನೂ ಮರೆತು. ರೊಟ್ಟಿಗಳು ಪೇರಿಸಿದಂತೆಯೇ ಇದ್ದವು. ಅವರು ಮೇಲಿನದನ್ನು ತೆಗೆದು, ನಡುವಿನದನ್ನು ತೆಗೆದು, ಅನುಮಾನದಿಂದ ಅವ್ವನ ಮುಖ ನೋಡಿದರು.

"ಏನವಾ, ಈ ಸಲ ಮೆತ್ತನ್ನ ರೊಟ್ಟಿ ಮಾಡಿ ತಂದೀ ಏನ ಮತ್ತ?"

"ಮುರದು ನೋಡ್ರಿ," ಎಂದಳು ಅವ್ವ.

ಅವರು ಒಂದನ್ನು ಎರಡು ಕೈಯಲ್ಲಿ ಹಿಡಿದು ಮುರಿದರು. ಪಟ್ ಎಂದ ಸದ್ದು ಅಡುಗೆಮನೆಯವರೆಗೂ ಕೇಳಿತು. ಚೂರನ್ನು ಬಾಯಿಗೆ ಹಾಕಿಕೊಂಡು, ಅಗಿದು, ಅಣ್ಣನ ಕಡೆ ತಿರುಗಿದರು. "ನಿಮ್ಮಕ್ಕನ ಬೆನ್ನಿಗಿ ಒಂದು ದಿಂಬು ಇಟಗೋ. ಹೊತ್ತು ಮುಣುಗೂದ್ರೊಳಗ ಮನಿ ಮುಟ್ಟರಿ."

ಬರುವಾಗ ಅಕ್ಕ ಸ್ವಲ್ಪ ಹೊತ್ತು ಮಾತಾಡಿದಳು, ಹಂಸಭಾವಿ ಬರುವ ಹೊತ್ತಿಗೆ ಅವ್ವನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಮಡಿಲಲ್ಲಿ ಹಸಿರು ಬಳೆ ತುಂಬಿದ ಕೈ. ಅಣ್ಣ ಕನ್ನಡಿಯಲ್ಲಿ ನೋಡುತ್ತಲೇ ಇದ್ದ.

"ನಿದ್ದಿ ಹತ್ತೇತೇನ?" ಎಂದು ನನ್ನನ್ನು ಪಿಸುದನಿಯಲ್ಲಿ ಕೇಳಿದ.

"ಹೂಂ."

ಅವನು ಕೈ ಚಾಚಿ ಹಾಡು ನಿಲ್ಲಿಸಿದ. ಆ ಕಾರಿನಲ್ಲಿ ಹಾಡಿಲ್ಲದೆ ನಾನು ಪ್ರಯಾಣ ಮಾಡಿದ್ದು ಅದೇ ಮೊದಲು. ತಗ್ಗುಗಳು ಬಂದವು, ಹೋದವು. ಅಕ್ಕ ಏಳಲಿಲ್ಲ. ಅಕ್ಕಿಆಲೂರಿನ ಹತ್ತಿರ, ಕಿತ್ತುಹೋದ ಒಂದು ಮೋರಿಯ ಮೇಲೆ ಮಾತ್ರ ಕಾರು ಸಣ್ಣಗೆ ಗುದ್ದಿದಂತಾಯಿತು. ಅಣ್ಣ ಕಾರಿನ ವೇಗ ತಗ್ಗಿಸಿದ. "ತಾಗಿತೇನ?" ಎಂದ. "ಇಲ್ಲ," ಎಂದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಗೋಣಿಚೀಲ ಹಾಸಿ ಕಾರಿನ ಕೆಳಗೆ ನೋಡಿದೆ. ಬಲಗಡೆಯ ಸುಣ್ಣ ಹಚ್ಚಿದಂತೆಯೇ ಇತ್ತು. ಎಡಗಡೆ, ಅಕ್ಕ ಕುಳಿತಿದ್ದ ಕಡೆ, ಕಬ್ಬಿಣದ ಮೇಲೆ ಉಗುರಿನಷ್ಟು ತೆಳ್ಳನೆಯ ಒಂದು ಬಿಳಿ ಗೆರೆ ಇತ್ತು. ಒದ್ದೆ ಬಟ್ಟೆಯಿಂದ ಎರಡೂ ಕಡೆ ಒರೆಸಿದೆ, ರಬ್ಬರನ್ನೂ ಕಬ್ಬಿಣವನ್ನೂ. ಬಟ್ಟೆಯನ್ನು ಬಾವಿಕಟ್ಟೆಯಲ್ಲಿ ಹಿಂಡಿ ಹರವಿ, ಸುಣ್ಣದ ಡಬ್ಬಿಯನ್ನು ಅಜ್ಜಿಯ ತಲೆದಿಂಬಿನ ಪಕ್ಕ ಇಟ್ಟು, ಅಣ್ಣ ಏಳುವ ಮೊದಲೇ ಚಹಾಕ್ಕೆ ನೀರಿಟ್ಟೆ.