ಮೂರು ಆಟಕ್ಕೆ ಹೂ ಕೇಳಿದ್ದು

ಆಯುಧಪೂಜೆಗೆ ಒಡೆದ ಬೂದುಗುಂಬಳದ ಚೂರು ಬೀದಿಯಲ್ಲಿ ಇನ್ನೂ ಒಣಗಿರುತ್ತಿರಲಿಲ್ಲ, ಅಷ್ಟರಲ್ಲಿ ಹೊಸ ಆಟಗಳ ಏಜೆಂಟರು ಬಂದು ನಿಲ್ಲುತ್ತಿದ್ದರು. ಕೊಯಮತ್ತೂರಿನ ಗಾಂಧಿಪುರಂ ಬಸ್ ನಿಲ್ದಾಣದ ಪಕ್ಕದ ಓಣಿಯಲ್ಲಿ ಆಗ ನನ್ನದೊಂದು ವಿಡಿಯೋ ಗೇಮ್ ಅಂಗಡಿ ಇತ್ತು. ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಅಂಗಡಿ ಅಂದರೆ ಏನು ಮಹಾ? ಬೀರುವಿನಷ್ಟು ಎತ್ತರದ ಒಂದಷ್ಟು ಪೆಟ್ಟಿಗೆಗಳು, ಒಂದೊಂದಕ್ಕೂ ಒಂದು ಗಾಜಿನ ಪರದೆ, ಒಂದು ಹಿಡಿ, ಒತ್ತಲಿಕ್ಕೆ ಗುಂಡಿಗಳು. ಬೆಳಿಗ್ಗೆಯಿಂದ ಸಂಜೆವರೆಗೆ ಟುಂಯ್ ಟುಂಯ್ ಎಂದು ಕಿವಿ ತಿನ್ನುತ್ತಿದ್ದವು. ನಾನು ಒಂದು ಆಟವನ್ನೂ ನೆಟ್ಟಗೆ ಆಡಿದವನಲ್ಲ. ಹಿಡಿ ಮುಟ್ಟಿದ ಕೂಡಲೇ ಸಾಯುತ್ತಿದ್ದೆ.

ದೀಪಾವಳಿ ಬಂತೆಂದರೆ ಊರಿಗೆ ಊರೇ ಗಾಂಧಿಪುರಕ್ಕೆ ಇಳಿಯುತ್ತಿತ್ತು. ಬೋನಸ್ ಸಿಕ್ಕ ಮಿಲ್ಲಿನವರು, ತಿರುಪ್ಪೂರಿನ ಬನಿಯನ್ ಕಂಪನಿಯ ಹುಡುಗರು, ವಾಲ್ಪಾರೈ ಎಸ್ಟೇಟಿನಿಂದ ಘಾಟಿ ಇಳಿದು ಬಟ್ಟೆ ಕೊಳ್ಳಲು ಬಂದವರು. ಬಸ್ಸು ಬರುವವರೆಗೆ ಅವರೆಲ್ಲ ನನ್ನ ಅಂಗಡಿಗೆ ತಲೆ ಹಾಕುತ್ತಿದ್ದರು. ಹಾಕಿದವರು ಕೇಳುತ್ತಿದ್ದದ್ದು ಒಂದೇ ಮಾತು: "ಪುದುಸಾ ಎನ್ನಣ್ಣಾ ಇರುಕ್ಕು?" ಹೊಸದೇನಿದೆ ಅಣ್ಣಾ? ಹೋದ ವರ್ಷದ್ದೇ ಕಂಡರೆ ಮುಖ ಸಿಂಡರಿಸಿ ಎದುರಿನ ಅಂಗಡಿಗೆ ಹೋಗುತ್ತಿದ್ದರು. ನನ್ನಪ್ಪ ಕುಳಿಮಗ್ಗದಲ್ಲಿ ಕೂತು ಅದೇ ಅಂಚಿನ ಸೀರೆಯನ್ನು ಜೀವಮಾನವೆಲ್ಲ ನೇಯ್ದ. ಈ ವರ್ಷ ಹೊಸದೇನು ಎಂದು ಅವನನ್ನು ಒಬ್ಬ ನರಪಿಳ್ಳೆಯೂ ಕೇಳಿರಲಿಲ್ಲ. ಪುಣ್ಯವಂತ!

ಹೊಸ ಪೆಟ್ಟಿಗೆಗೆ ನನ್ನಲ್ಲಿದ್ದದ್ದು ಒಂದೇ ಮೂಲೆ. ಬರುತ್ತಿದ್ದ ಆಟಗಳೋ ರಾಶಿ ರಾಶಿ. ಪ್ರತಿವರ್ಷ ಅವುಗಳಲ್ಲಿ ಒಂದನ್ನು ಆರಿಸುವುದರೊಳಗೆ ನನ್ನ ಪ್ರಾಣ ಅರ್ಧ ಹೋಗುತ್ತಿತ್ತು. ಆರಿಸಿ ತಂದ ಮೇಲೆ ಉಳಿದರ್ಧ. ಹೊಸ ಆಟ ಇದ್ದರೆ ಹಬ್ಬದ ದಿನವೇ ಜಾತ್ರೆಯಂಥ ನೂಕುನುಗ್ಗಲು, ಬೆಳಕು ಹರಿಯುವ ಮೊದಲೇ ಬಾಗಿಲು ತೆರೆಯಬೇಕು. ಅಂಗಡಿ ಇಟ್ಟಾಗಿನಿಂದ ನಾನು ಒಂದು ದೀಪಾವಳಿಗೂ ಮನೆಯಲ್ಲಿ ಇದ್ದವನಲ್ಲ.

ನನ್ನ ಹೆಂಡತಿಗೆ ಬೇಕಾಗಿದ್ದದ್ದು ಅದೊಂದೇ. ಸೀರೆ ಕೇಳಲಿಲ್ಲ, ಬಳೆ ಕೇಳಲಿಲ್ಲ. "ಈ ತೀಪಾವಳಿಗಾದ್ರೂ ಮನೇಲಿ ಇರಿಂಗೊ" ಎನ್ನುತ್ತಿದ್ದಳು. ನಮ್ಮ ಮನೆಯ ಕನ್ನಡದ ಬಾಲಕ್ಕೆ ಕೊಂಗುನಾಡಿನ ತಮಿಳಿನ ಈ 'ಂಗೊ' ಯಾವ ಕಾಲದಲ್ಲಿ ಅಂಟಿಕೊಂಡಿತೋ, ಮರ್ಯಾದೆಗೆಂದು ಬಂದದ್ದು, ಜಗಳದಲ್ಲೂ ಬಿಡುವುದಿಲ್ಲ. "ಹೊಸ ಆಟ ಬೇಡಂಗೊ. ಪಾಪುಗೆ ನೀವೇ ಎಣ್ಣೆ ಇಡಬೇಕು." ನಾನು "ಪಾಕಲಾಂ, ಪಾಕಲಾಂ" ಎಂದು ಚಪ್ಪಲಿ ಮೆಟ್ಟುತ್ತಿದ್ದೆ. ನೋಡೋಣ ಎಂದರೆ ಇಲ್ಲವೆಂದೇ ಅರ್ಥ ಎನ್ನುವುದು ಅವಳಿಗೆ ಗೊತ್ತಿತ್ತು.

ನಾನು ಹೇಳುತ್ತಿರುವ ವರ್ಷ ಏಜೆಂಟ್ ಮೂರು ಆಟದ ಬಣ್ಣದ ಫೋಟೋಗಳನ್ನು ಮೇಜಿನ ಮೇಲೆ ಹರಡಿದ. ಒಂದರಲ್ಲಿ ಕಾರು ಓಡಿಸಬೇಕು, ಸ್ಟೀರಿಂಗೇ ಇತ್ತು. ಇನ್ನೊಂದರಲ್ಲಿ ವಿಮಾನದಿಂದ ಗುಂಡು ಹಾರಿಸಬೇಕು. ಮತ್ತೊಂದರಲ್ಲಿ ಕರಾಟೆಯವನು ಕಂಡಕಂಡವರನ್ನೆಲ್ಲ ಒದೆಯಬೇಕು. ಯಾವುದು ಓಡುತ್ತದಯ್ಯಾ ಎಂದರೆ, "ಮೂಣುಮೇ ಸೂಪರ್ ಸಾರ್" ಅಂದ. ಮೂರೂ ಸೂಪರ್ ಅಂತೆ! ಹಾಗೆಂದವನನ್ನೇ ಕರಾಟೆಯವನ ಕೈಗೆ ಕೊಡಬೇಕು ಅನ್ನಿಸಿತು. ಶುಕ್ರವಾರ ಬಂದು ಕೇಳುತ್ತೇನೆ ಎಂದು ಹೋದ. ವಾರವಿಡೀ ಕಾರು, ವಿಮಾನ, ಕರಾಟೆ ಎಂದು ನನ್ನ ತಲೆ ಚಿತ್ರಾನ್ನವಾಯಿತು. ಊಟ ರುಚಿಸಲಿಲ್ಲ. ಸುಮ್ಮನೆ ಎಲ್ಲಾದರೂ ಬಿದ್ದುಕೊಳ್ಳೋಣ ಎನ್ನುವಷ್ಟು ಸುಸ್ತು.

ನನ್ನ ಅವಸ್ಥೆ ನೋಡಿ ಹೆಂಡತಿಯೇ ಅಂದಳು: "ನಿಮಗೆ ತೋಚದಿದ್ರೆ ಅಮ್ಮನ ಗುಡೀಲಿ ಹೂ ಕೇಳಿಂಗೊ."

ನಮ್ಮ ಕಡೆ ಅದೊಂದು ಪದ್ಧತಿ. ಹೆಣ್ಣು ನೋಡಿದರೂ, ಬಾವಿ ತೋಡಿದರೂ ದೇವಿಯ ಮುಂದೆ ಹೂ ಕೇಳುತ್ತೇವೆ. ಒಂದು ಎಲೆಯಲ್ಲಿ ಬಿಳಿ ಹೂ, ಇನ್ನೊಂದರಲ್ಲಿ ಕೆಂಪು ಹೂ ಮಡಿಸಿ, ದಾರ ಸುತ್ತಿ, ದೇವಿಯ ಪಾದದಲ್ಲಿ ಇಡುವುದು. ಯಾವುದಾದರೂ ಮಗು ಒಂದನ್ನು ಎತ್ತಬೇಕು. ಬಿಳಿ ಬಂದರೆ ಆಗಲಿ, ಕೆಂಪು ಬಂದರೆ ಬೇಡ. ಆದರೆ ವಿಡಿಯೋ ಗೇಮಿಗೆ ಹೂ ಕೇಳಿದವರು ಕೊಯಮತ್ತೂರು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ನಗುವವರು ನಗಲಿ. ಆರಿಸುವ ಭಾರ ಯಾರ ತಲೆಗಾದರೂ ಹೋದರೆ ಸಾಕಾಗಿತ್ತು ನನಗೆ.

ಪೊಟ್ಟಣಗಳನ್ನು ಹೆಂಡತಿಯೇ ಮನೆಯಲ್ಲಿ ಕಟ್ಟಿಕೊಂಡು ಬಂದಳು, ಆಟಕ್ಕೊಂದು ಜೊತೆಯಂತೆ. ಪೂಜಾರಿ ಮೊದಲ ಜೊತೆ ಇಟ್ಟು "ಏನು ಕಾರ್ಯ?" ಎಂದ. "ಕಾರು" ಅಂದೆ. ಕಾರು ಕೊಳ್ಳುತ್ತಾನೆ ಎಂದುಕೊಂಡು ಅವನು ನನ್ನನ್ನು ಬಹಳ ಗೌರವದಿಂದ ನೋಡಿದ. ಇನ್ನೂ ಸ್ಕೂಲಿಗೆ ಸೇರದ ನನ್ನ ಮಗಳು ಒಂದು ಪೊಟ್ಟಣ ಎತ್ತಿದಳು. ಕೆಂಪು. ವಿಮಾನಕ್ಕೆ ಕೇಳಿದೆವು. ಕೆಂಪು. ಕರಾಟೆಯವನಿಗೂ ಕೆಂಪೇ ಬಂತು. ಎತ್ತದೆ ಉಳಿದವನ್ನು ಬಿಚ್ಚಬಾರದು, ಅದೂ ಪದ್ಧತಿಯೇ. ಪೂಜಾರಿ ಅವನ್ನು ಹಾಗೇ ಗುಡಿಯ ಬಾವಿಗೆ ಹಾಕಿದ.

ಶುಕ್ರವಾರ ಏಜೆಂಟನಿಗೆ ಬೇಡ ಎಂದೆ. ಅವನು ಕಾರನ್ನು ಎದುರಿನ ಅಂಗಡಿಗೆ ಇಳಿಸಿದ. ಮರುದಿನವೇ ಅಲ್ಲಿ ಸಾಲು, ನನ್ನಲ್ಲಿ ನೊಣ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಆದರೆ ಉರಿಯುವ ಹೊಟ್ಟೆಯ ಕೆಳಗೆ ಕಾಲು ಚಾಚಿ ಕೂರುವ ಸುಖವೂ ಇತ್ತು. ದೇವಿಯೇ ಬೇಡ ಅಂದ ಮೇಲೆ ನನ್ನದೇನು ತಪ್ಪು? ಹಬ್ಬದ ದಿನ ಅಂಗಡಿ ಬಾಗಿಲು ತೆರೆಯಲೇ ಇಲ್ಲ.

ಬೆಳಿಗ್ಗೆ ಎಣ್ಣೆ ಬಟ್ಟಲು ಹಿಡಿದು ಮಗಳನ್ನು ಕರೆದೆ. ಅವಳು ಬಾಗಿಲಲ್ಲೇ ನಿಂತು ಅಮ್ಮನನ್ನು ಕೇಳಿದಳು: "ಅಪ್ಪ ಮನೇಲಿದ್ದಾರಲ್ಲ, ಹಂಗಾದ್ರೆ ಇವತ್ತು ತೀಪಾವಳಿ ಇಲ್ವಾ?" ಹೆಂಡತಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ನಾನು ಮಗಳ ನೆತ್ತಿಗೆ ಎಣ್ಣೆ ಇಟ್ಟೆ, ಅಭ್ಯಾಸವಿಲ್ಲದ ಕೈ, ಅರ್ಧ ಅವಳ ಕಣ್ಣಿಗೆ ಹೋಯಿತು.

ಎಲೆಯ ಮುಂದೆ ಕೂತಾಗ ಎದುರಿನ ಅಂಗಡಿಯ ನೆನಪಾಗಿ ಸುಮ್ಮನಿರಲಾಗಲಿಲ್ಲ. "ಗುಡಿ ಅಮ್ಮನಿಗೆ ಒಂದು ಆಟನೂ ಹಿಡಿಸಲಿಲ್ಲ ನೋಡು. ಒಂದಕ್ಕಾದ್ರೂ ಬಿಳಿ ಕೊಡಬಾರದಿತ್ತಾ?" ಅಂದೆ.

ಇಡ್ಲಿ ಬಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಅಮ್ಮ ಎಲ್ಲಿಂದ ಕೊಟ್ಟಾಳು? ನಾನು ಬಿಳಿ ಹೂ ಕಟ್ಟಲೇ ಇಲ್ಲಂಗೊ. ಎಲ್ಲಾ ಕೆಂಪೇ."

ನನಗೆ ಕೋಪ ನೆತ್ತಿಗೇರಿತು. "ದೇವರ ಹತ್ರ ಹುಡುಗಾಟವಾ? ತಲೆ ಕೆಟ್ಟಿದೆಯಾ ನಿನಗೆ? ಬೇಡ ಅಂತಿದ್ರೆ ನೇರ ನನ್ನ ಹತ್ರ ಹೇಳೋಕೆ ಆಗ್ತಿರಲಿಲ್ವಾ?"

ಅವಳು ದನಿ ಏರಿಸಲಿಲ್ಲ. ಚಟ್ನಿಯ ಪಾತ್ರೆ ಕೆಳಗಿಟ್ಟು ಅಂದಳು:

"ವರ್ಷಾ ವರ್ಷಾ ಹೇಳಿದ್ನಲ್ಲಂಗೊ. ಹೂ ಹೇಳಿದ್ರೆ ಕೇಳ್ತೀರಿ. ನಾನು ಹೇಳಿದ್ದು ಯಾವತ್ತು ಕೇಳಿದ್ರಿ?"